ಲಂಕೇಶರ ಜೊತೆ ಜಗಳವಾಡುತ್ತಿದ್ದ ದಿನಗಳು

ನಮ್ಮ ಕಾಲದ ರಾಜಕೀಯ ವಿಶ್ಲೇಷಕರಿಗೆ ಮುಖವೇ ಇರಲಿಲ್ಲ. ಖಾದ್ರಿ ಶಾಮಣ್ಣ, ವಡ್ಡರ್ಸೆ ರಘುರಾಮ ಶೆಟ್ಟಿ ಇವರೆಲ್ಲ ಸಾಗರದಲ್ಲಿದ್ದ ನಮಗೆ ಬರೀ ಹೆಸರುಗಳು. ಅವರು ಉದ್ದವೋ ಗಿಡ್ಡವೋ, ದನಿ ಗಡಸೋ ಮೆದುವೋ ತಿಳಿಯದು. ಆದರೆ ಯಾವ ವಿಷಯ ಬಂದರೆ ಅವರಿಗೆ ಸಿಟ್ಟು ಬರುತ್ತದೆ, ಯಾವ ನಾಯಕನನ್ನು ಎಲ್ಲಿಯವರೆಗೆ ನಂಬುತ್ತಾರೆ, ಯಾವ ಮಾತನ್ನು ಬೇಕೆಂದೇ ಹೇಳದೆ ಬಿಡುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಪ್ರಜಾವಾಣಿಯ ‘ಛೂಬಾಣ’ದ ಟಿಎಸ್ಸಾರ್ ನಮಗಿಂತ ಹಿರಿಯರ ಪಾಲಿನವರು. ಹಿಂದಿನ ತಲೆಮಾರಿನವರು ಆ ಅಂಕಣದ ಏಟುಗಳನ್ನು ಬಾಯಿಪಾಠ ಒಪ್ಪಿಸುವಾಗ, ನಾಲ್ಕು ಸಾಲಿನಲ್ಲಿ ಒಬ್ಬ ಮಂತ್ರಿಯನ್ನು ಹೀಗೂ ತಿವಿಯಬಹುದೇ ಎಂದು ನಾವು ಬೆರಗಾಗುತ್ತಿದ್ದೆವು.

ಸಾಗರಕ್ಕೆ ರಾಜಕೀಯದ ಮಾತು ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹಕ್ಕೆ ಲೋಹಿಯಾ ಬಂದು ಬಂಧನಕ್ಕೊಳಗಾದ ಊರು ಇದು. ಮರುವರ್ಷವೇ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಊರೂ ಹೌದು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆ ಬಿಗಿಯಾದ ಮೇಲೆ ಗೇಣಿದಾರರೆಂದು ಡಿಕ್ಲರೇಷನ್ ಕೊಟ್ಟು ಗದ್ದೆಗೆ ಒಡೆಯರಾದವರೂ, ಗದ್ದೆ ಕಳೆದುಕೊಂಡವರೂ ಇಲ್ಲಿ ಒಂದೇ ಪೇಟೆಯಲ್ಲಿ ಓಡಾಡುತ್ತಿದ್ದರು. ಒಂದೇ ಸಲೂನಿನಲ್ಲಿ ಸರದಿಗೆ ಕಾಯುತ್ತಿದ್ದರು. ನಮ್ಮ ಅಡ್ಡೆಯೂ ಆ ಸಲೂನೇ. ಅಲ್ಲಿದ್ದದ್ದು ಎರಡು ಕುರ್ಚಿ, ಒಂದು ಉದ್ದ ಬೆಂಚು, ಮೇಲೆ ಹಲಗೆಯಲ್ಲಿ ಭದ್ರಾವತಿ ಆಕಾಶವಾಣಿಗೆ ಕಿವಿ ತಿರುಗಿಸಿಟ್ಟ ಒಂದು ರೇಡಿಯೊ. ಬೆಂಚಿನ ಖಾಯಂ ಸದಸ್ಯರಲ್ಲಿ ಹೈಸ್ಕೂಲಿನಿಂದ ನಿವೃತ್ತರಾದ ಮಾಷ್ಟ್ರು, ಅಡಿಕೆ ಮಂಡಿಯ ಗುಮಾಸ್ತರಾಗಿದ್ದ ಹೆಗಡೇರು, ಊರ ಹೊರಗಿನ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಾಯ್ಕರು ಮುಖ್ಯರು. ಕಾಲೇಜು ಹುಡುಗರಾದ ನಾವು ಬೆಂಚಿನ ತುದಿಯಲ್ಲಿ, ಜಾಗವಿಲ್ಲದಿದ್ದರೆ ಹೊಸ್ತಿಲಲ್ಲಿ.

ಲಂಕೇಶ್ ಪತ್ರಿಕೆ ಶುರುವಾದದ್ದು 1980ರಲ್ಲಿ. ಬಣ್ಣವಿಲ್ಲ, ಜಾಹೀರಾತಿಲ್ಲ, ಮಡಿಚಿದರೆ ಕಂಕುಳಲ್ಲಿ ಕೂರುವಷ್ಟು ತೆಳು. ಲಂಕೇಶರು ನಮ್ಮದೇ ಜಿಲ್ಲೆಯ ಕೊನಗವಳ್ಳಿಯವರು. ಕತೆ, ನಾಟಕ, ‘ಪಲ್ಲವಿ’ ಸಿನಿಮಾ ಎಂದು ಹೆಸರು ಮಾಡಿದ ಇಂಗ್ಲಿಷ್ ಮೇಷ್ಟರು ರಾಜಕೀಯ ಬರೆಯಲು ಕೂತದ್ದೇ ನಮಗೆ ಸೋಜಿಗ. ಅದೇ ವರ್ಷ ಜುಲೈಯಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದು ಗೋಲಿಬಾರ್ ಆಗಿತ್ತು. ಗುಂಡೂರಾಯರ ಸರ್ಕಾರ. ಎರಡು ವರ್ಷಕ್ಕೆ ಗೋಕಾಕ್ ಚಳವಳಿ. ದಿನಪತ್ರಿಕೆಗಳಲ್ಲಿ ಸುದ್ದಿ ಸಿಗುತ್ತಿತ್ತು, ನಿಜ. ಆದರೆ ಲಂಕೇಶರ ‘ಟೀಕೆ ಟಿಪ್ಪಣಿ’ ಅಂಕಣದಲ್ಲಿ ಒಬ್ಬ ಮನುಷ್ಯ ಸಿಗುತ್ತಿದ್ದ. ಮುಖ್ಯಮಂತ್ರಿ ಎಂದರೆ ಎದ್ದು ನಿಲ್ಲಬೇಕಾದವನಲ್ಲ, ಎದುರಿಗೆ ಕೂರಿಸಿ ಪ್ರಶ್ನೆ ಕೇಳಬೇಕಾದವನು ಎಂಬ ಧೈರ್ಯ ಆ ಬರಹದಿಂದ ನಮ್ಮ ಬೆಂಚಿಗೂ ಹರಡಿತು. ಅಲ್ಲಿಯವರೆಗೆ ಎಮ್ಮೆಲ್ಲೆ ಜೀಪು ಹೋದರೆ ಕತ್ತರಿ ಕೆಳಗಿಟ್ಟು ಕೈ ಮುಗಿಯುತ್ತಿದ್ದ ಸಲೂನಿನಣ್ಣ ಆಮೇಲೆ ಕತ್ತರಿ ಕೆಳಗಿಡಲಿಲ್ಲ.

ಬೆಂಗಳೂರಿನ ಬಸ್ಸಿನ ತಲೆಯ ಮೇಲಿಂದ ಬಂಡಲ್ ಇಳಿದು ಏಜೆಂಟರ ಅಂಗಡಿಗೆ ಹೋಗುತ್ತಿತ್ತು. ಸಲೂನಿಗೆ ಒಂದು ಪ್ರತಿ. ಹಣ ಹಾಕುತ್ತಿದ್ದದ್ದು ನಾವೆಲ್ಲ ಸೇರಿ. ಓದುವ ಹಕ್ಕು ಮಾಷ್ಟ್ರದು. ಅವರು ಗಟ್ಟಿಯಾಗಿ ಓದುತ್ತಿದ್ದರು, ಪ್ರತಿ ಪ್ಯಾರಾ ಮುಗಿದ ಮೇಲೆ ಕನ್ನಡಕದ ಮೇಲಿಂದ ನಮ್ಮನ್ನು ನೋಡಿ ನಿಲ್ಲಿಸುತ್ತಿದ್ದರು. ಆ ನಿಲುಗಡೆ ಸುಮ್ಮನೆ ಅಲ್ಲ. ಯಾರಾದರೂ ಏನಾದರೂ ಹೇಳಲೇಬೇಕು. ಹೇಳದಿದ್ದರೆ ಅವರು ಮುಂದೆ ಓದುವವರಲ್ಲ. ತರಗತಿಯಲ್ಲಿ ಬಾಯಿ ಬಿಡದ ನಾನು ಮಾತಾಡಲು ಕಲಿತದ್ದು ಆ ನಿಲುಗಡೆಗಳಲ್ಲಿ.

1983ರ ಜನವರಿಯನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ 95 ಸ್ಥಾನ ಗೆದ್ದವು. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬರುವುದು ಖಚಿತವಾಯಿತು. ಮುಖ್ಯಮಂತ್ರಿ ಯಾರು? ಸಾಗರದ ಒಂದು ಬದಿಗೆ ಸೊರಬ, ಕುಬಟೂರಿನ ಬಂಗಾರಪ್ಪನವರ ತಾಲ್ಲೂಕು. ಇನ್ನೊಂದು ಬದಿಗೆ ಸಿದ್ದಾಪುರ, ದೊಡ್ಮನೆಯ ರಾಮಕೃಷ್ಣ ಹೆಗಡೆಯವರ ತಾಲ್ಲೂಕು. ನಡುವೆ ನಮ್ಮ ಬೆಂಚು. ನಾಯ್ಕರು ಬಂಗಾರಪ್ಪನವರೇ ಎಂದು ಸಿಹಿ ಹಂಚಲು ತಯಾರಾಗಿದ್ದರು. ಗೆಲುವಿಗೆ ಬೆವರು ಸುರಿಸಿದವರು ಅವರು ಎಂಬುದು ನಾಯ್ಕರ ವಾದ, ಅದರಲ್ಲಿ ಸತ್ಯವಿತ್ತು. ಜನವರಿ 10ರಂದು ಪ್ರಮಾಣವಚನ ಸ್ವೀಕರಿಸಿದವರು ಹೆಗಡೆ. ಆ ಸಂಜೆ ನಾಯ್ಕರು ಬೆಂಚಿಗೆ ಬಂದರು, ಆದರೆ ಮಂಡಿಯ ಹೆಗಡೇರ ಪಕ್ಕ ಕೂರಲಿಲ್ಲ.

ಜಾತಿಯ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಹಾಗೆ ನಿಂತದ್ದು ಹೊರಗೆ ಬಿದ್ದಿದ್ದರೆ ಬೆಂಚು ಮುರಿಯುತ್ತಿತ್ತು. ಅದನ್ನು ಉಳಿಸಿದ್ದು ಬೆಂಗಳೂರಿನಿಂದ ಬಂದ ಕಾಗದಗಳು ಎಂದೇ ನಾನು ನಂಬಿದ್ದೇನೆ. ಮುಂದಿನ ವಾರಗಳಲ್ಲಿ ಬೇರೆಬೇರೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಮಾಷ್ಟ್ರು ಕೂಡಿಹಾಕಿ ಓದಿದರು. ಬಹುಮತಕ್ಕೆ ಹೊರಗಿನ ಬೆಂಬಲ ಬೇಕಿತ್ತು, ಬಿಜೆಪಿಯ 18 ಶಾಸಕರಿದ್ದರು, ಜನತಾ ಪಕ್ಷದೊಳಗೆ ಬಣಗಳಿದ್ದವು, ದೆಹಲಿಯ ನಾಯಕರ ಲೆಕ್ಕ ಬೇರೆ ಇತ್ತು. ನಾಯ್ಕರ ನೋವು ಹೋಗಲಿಲ್ಲ. ಆದರೆ ಆ ನೋವಿಗೆ ಒಂದು ಭಾಷೆ ಸಿಕ್ಕಿತು. ‘ಹೆಗಡೇರೆ, ನಿಮ್ಮವರು ಬುದ್ಧಿವಂತರು, ಅಲ್ಲ ಅನ್ನಲ್ಲ. ಆದ್ರೆ ನಮ್ಮವರ ಬೆವರಿನ ಬಾಬ್ತು ಎಲ್ಲಿ ಜಮಾ ಆಯ್ತು, ಅದನ್ನ ಹೇಳಿ’ ಎಂದು ನೇರವಾಗಿ ಕೇಳಿದರು. ಗುಮಾಸ್ತಿಕೆ ಮಾಡುವ ಹೆಗಡೇರಿಗೆ ಆ ಲೆಕ್ಕದ ಮಾತು ತಾಗಿತು. ಅವರು ಉತ್ತರ ಕೊಡದೆ ಎಲೆಅಡಿಕೆಯ ಚೀಲವನ್ನು ನಾಯ್ಕರ ಕಡೆಗೆ ಸರಿಸಿದರು.

ಅದಕ್ಕಿಂತ ದೊಡ್ಡ ಒಗಟು 1985ರದು. ಇಂದಿರಾ ಗಾಂಧಿಯವರ ಹತ್ಯೆಯಾದ ಮೇಲೆ 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಚುನಾವಣೆ ನಡೆದು, ಕರ್ನಾಟಕದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಹೋಯಿತು. ಜನ ತಮ್ಮ ಪಕ್ಷವನ್ನು ತಿರಸ್ಕರಿಸಿದ್ದಾರೆಂದು ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ನಡೆದರು. ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೂರೇ ತಿಂಗಳು! ಇದೇನು, ಜನಕ್ಕೆ ತಲೆ ಕೆಟ್ಟಿದೆಯೇ ಎಂದು ಸಲೂನಿನಣ್ಣ ಕೇಳಿದ್ದು ನೆನಪಿದೆ.

ಎಷ್ಟು ವಾರ ಅದರ ಮೇಲೆ ಜಗಳವಾಡಿದೆವೋ! ದೆಹಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಎಂದು ಕನ್ನಡದ ಮತದಾರ ತೂಗಿ ನೋಡಿದ್ದಾನೆ ಎಂಬುದು ಆಗ ಎಲ್ಲೆಡೆ ಓದಿದ ಮಾತು. ಹೆಗಡೇರು ಅದನ್ನು ಹಿಡಿದು ಕೂತರು. ನಾಯ್ಕರು ಒಪ್ಪಲಿಲ್ಲ. ಅವರ ಪ್ರಕಾರ ಡಿಸೆಂಬರಿನದು ತಾಯಿ ಸತ್ತ ಮನೆಗೆ ಕೊಟ್ಟ ಓಟು, ಅದರಲ್ಲಿ ತೂಗುವ ಮಾತೇ ಇರಲಿಲ್ಲ. ಮಾರ್ಚಿನದು ಮಾತ್ರ ಯೋಚಿಸಿ ಹಾಕಿದ್ದು. ಇಬ್ಬರೂ ಯಾವುದೋ ಒಂದು ಲೇಖನದ ಸಾಲನ್ನು ಸಾಕ್ಷಿಗೆ ಕರೆಯುತ್ತಿದ್ದರು, ಹಳೆಯ ಸಂಚಿಕೆಗಳನ್ನು ಹುಡುಕಿ ತರುತ್ತಿದ್ದರು. ಮಾಷ್ಟ್ರು ಹೇಳಿದ್ದು ಇನ್ನೊಂದೇ. ಓಟು ಹಾಕದೆ ಮನೆಯಲ್ಲಿ ಉಳಿದವರು ಎರಡೂ ಸಲ ಒಂದೇ ಜನವೇ? ಅದನ್ನು ಯಾರೂ ಬರೆದಿಲ್ಲವಲ್ಲ, ಅದನ್ನು ಯಾರಾದರೂ ಬರೆಯಲಿ ಎಂದು ಅವರು ಪತ್ರಿಕೆಯೊಂದಕ್ಕೆ ಕಾರ್ಡು ಹಾಕಿದರು. ಆ ಪತ್ರ ಓದುಗರ ಅಂಕಣದಲ್ಲಿ ಅಚ್ಚಾಯಿತು. ಸಾಗರದ ಬೆಂಚಿನ ಮೇಲೆ ಹುಟ್ಟಿದ ಪ್ರಶ್ನೆ ಬೆಂಗಳೂರಿನ ವಿಶ್ಲೇಷಕರ ಮೇಜಿನವರೆಗೆ ಹೋಯಿತು ಎಂಬ ಹೆಮ್ಮೆಗೆ ಅಂದು ಎಲ್ಲರಿಗೂ ಸಲೂನಿನಣ್ಣನ ಖರ್ಚಿನಲ್ಲಿ ಬೈಟು ಕಾಫಿ.

ಇದನ್ನು ಇಷ್ಟು ಹಿಗ್ಗಿಸಿ ಹೇಳುವುದಕ್ಕೆ ಕಾರಣವಿದೆ. ಘಟನೆಗೂ ಅದರ ವಿಶ್ಲೇಷಣೆಗೂ ನಡುವೆ ಆಗ ಕೆಲವು ದಿನಗಳಿರುತ್ತಿದ್ದವು, ವಾರಪತ್ರಿಕೆಯಾದರೆ ಒಂದು ವಾರ. ಆ ದಿನಗಳಲ್ಲಿ ನಾವು ನಾವೇ ಯೋಚಿಸಿ, ನಾವು ನಾವೇ ವಾದಿಸಿ ಒಂದು ಅಭಿಪ್ರಾಯಕ್ಕೆ ಬಂದಿರುತ್ತಿದ್ದೆವು. ಪತ್ರಿಕೆ ಕೈಗೆ ಬಂದಾಗ ನಮ್ಮದನ್ನು ಅದರಲ್ಲಿದ್ದ ಅಭಿಪ್ರಾಯದ ಪಕ್ಕ ಇಟ್ಟು ನೋಡುತ್ತಿದ್ದೆವು. ಹೀಗಾಗಿ ವಿಶ್ಲೇಷಕ ನಮಗೆ ತೀರ್ಪು ಕೊಡುವವನಾಗಿರಲಿಲ್ಲ. ಬೆಂಚಿನಲ್ಲಿ ಅವನಿಗೂ ಒಂದು ಜಾಗವಿತ್ತು, ನಮ್ಮಷ್ಟೇ ಅಗಲದ್ದು. ‘ಈ ವಾರ ಲಂಕೇಶ್ ಹೇಳಿದ್ದು ಸರಿಯಿಲ್ಲ ಮಾರಾಯ’ ಎಂದು ಯಾರಾದರೂ ಗೊಣಗದ ವಾರ ಕಡಿಮೆ. ಗೊಣಗಿದವರೇ ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಬಂಡಲ್ ಬಂತೇ ಎಂದು ಕೇಳುತ್ತಿದ್ದರು.

ಅವರ ಒಲವುಗಳು ಗುಟ್ಟಾಗಿರಲಿಲ್ಲ. ಖಾದ್ರಿ ಶಾಮಣ್ಣ ಸಮಾಜವಾದಿ ಎಂದು ಎಲ್ಲರಿಗೂ ಗೊತ್ತು. ಅವರು ಹೆಗಡೆ ಸರ್ಕಾರದ ಬಗ್ಗೆ ಬರೆದದ್ದನ್ನು ಆ ಒಲವನ್ನು ಕಳೆದು ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿ ಓದುತ್ತಿದ್ದೆವು. ಬಹಳಷ್ಟು ಉಳಿಯುತ್ತಿತ್ತು. ಗುಂಡೂರಾಯರನ್ನು ಇಳಿಸಲು ಅಷ್ಟು ಬರೆದ ಲಂಕೇಶ್ ಹೆಗಡೆಯವರ ಆಳ್ವಿಕೆಯನ್ನೂ ಬಿಡಲಿಲ್ಲ. 1986ರ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಗದ್ದಲ, 1988ರಲ್ಲಿ ಹೆಗಡೆಯವರ ಕುರ್ಚಿ ಹೋಗಲು ಕಾರಣವಾದ ದೂರವಾಣಿ ಕದ್ದಾಲಿಕೆ, ಇವುಗಳ ಹೊತ್ತಿಗೆ ಮಂಡಿಯ ಹೆಗಡೇರು ಆ ಪತ್ರಿಕೆಯನ್ನು ಕೈಯಲ್ಲಿ ಮುಟ್ಟುವುದಿಲ್ಲ ಎಂದು ಶಪಥ ಮಾಡಿದರು. ಮುಟ್ಟಲಿಲ್ಲ, ಆದರೆ ಮಾಷ್ಟ್ರು ಓದುವಾಗ ಬೆಂಚು ಬಿಟ್ಟು ಏಳಲೂ ಇಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಲಂಕೇಶ್ ಪ್ರಗತಿರಂಗ ಎಂದು ತಾವೇ ಒಂದು ಪಕ್ಷ ಕಟ್ಟಲು ಹೊರಟಾಗ ಮಾತ್ರ ನಮ್ಮಲ್ಲಿ ಅನೇಕರಿಗೆ ಕಸಿವಿಸಿಯಾಯಿತು. ಬರೆಯುವವರು ಕಣಕ್ಕಿಳಿದರೆ ನಾಳೆ ಅವರ ಬಗ್ಗೆ ಬರೆಯುವವರು ಯಾರು? ಮಾಷ್ಟ್ರು ಮಾತ್ರ ಅವರ ಪರ ನಿಂತರು. ದೂರ ನಿಂತು ಬರೆದೂ ಬರೆದೂ ಸಾಕಾಗಿ ಒಬ್ಬ ಮನುಷ್ಯ ತಾನೇ ಕೆಸರಿಗೆ ಕಾಲಿಡುವುದು ಅಪರಾಧವಲ್ಲ ಎಂದರು. ಆ ಪಕ್ಷ ಬೆಳೆಯಲಿಲ್ಲ, ಪತ್ರಿಕೆ ಉಳಿಯಿತು. ನನಗೆ ಈಗಲೂ ಮಾಷ್ಟ್ರ ಮಾತು ಪೂರ್ತಿ ಒಪ್ಪಿಗೆಯಿಲ್ಲ.

ವಡ್ಡರ್ಸೆಯವರದು ಇನ್ನೊಂದು ದಾರಿ. 1984ರಲ್ಲಿ ಅವರು ಪ್ರಜಾವಾಣಿ ಬಿಟ್ಟು ಮಂಗಳೂರಿಗೆ ಹೋಗಿ ಜನರಿಂದಲೇ ಬಂಡವಾಳ ಕೂಡಿಸಿ ‘ಮುಂಗಾರು’ ತಂದರು. ಘಟ್ಟದ ಮೇಲಿನ ನಮಗೆ ಅದು ತಡವಾಗಿ, ಒಮ್ಮೊಮ್ಮೆ ಮಾತ್ರ ಸಿಗುತ್ತಿತ್ತು. ದಿನೇಶ್ ಅಮಿನ್ ಮಟ್ಟು ಅವರಂಥವರು ಕಲಿತು ಹೊರಬಂದ ಗರಡಿ ಅದು. ಮುಂದೆ ಅವರು ಪ್ರಜಾವಾಣಿಗೆ ಬರೆದ ‘ಅನಾವರಣ’ವನ್ನು ಓದುವಾಗೆಲ್ಲ ಮುಂಗಾರಿನ ಹಳೆಯ ಪುಟಗಳ ಕಾವು ನೆನಪಾಗುತ್ತಿತ್ತು.

ಆ ಬೆಂಚಿನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ ಎಂಬುದನ್ನು ಬಿಟ್ಟು ಈ ನೆನಪು ಬರೆಯುವುದು ಸರಿಯಲ್ಲ. ನಮ್ಮ ಅಕ್ಕ ಮನೆಯಲ್ಲಿ ಕೂತು ಹಳೆಯ ಸಂಚಿಕೆಗಳನ್ನು ಓದುತ್ತಿದ್ದಳು, ಅದೂ ಬೆಂಚಿನವರೆಲ್ಲ ಓದಿ ಮುಗಿಸಿ ನಾನು ತಂದ ಮೇಲೆ. ಅವಳು ಮೊದಲು ತೆರೆಯುತ್ತಿದ್ದದ್ದು ‘ಟೀಕೆ ಟಿಪ್ಪಣಿ’ಯನ್ನಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅದೇ ಪತ್ರಿಕೆಯಲ್ಲಿ. ಹಾಸನದಿಂದ ಬಾನು ಮುಷ್ತಾಕ್ ವರದಿ ಬರೆಯುತ್ತಿದ್ದದ್ದೂ ಅದಕ್ಕೇ. ನಮ್ಮ ಬೆಂಚು ಸರ್ಕಾರ ಬೀಳುವುದನ್ನು, ಏಳುವುದನ್ನು ರಾಜಕೀಯ ಎನ್ನುತ್ತಿದ್ದರೆ, ಅಕ್ಕ ತಲಾಖ್ ಆದ ಹೆಂಗಸಿನ ಮನೆಯೊಳಗೆ ನಡೆಯುವುದನ್ನು ರಾಜಕೀಯ ಎನ್ನುತ್ತಿದ್ದಳು. ರಾತ್ರಿ ಊಟದ ಹೊತ್ತಿಗೆ ಅವಳು ಹಾಕುತ್ತಿದ್ದ ಪ್ರಶ್ನೆಗಳನ್ನು ನಾನು ಮರುದಿನ ಬೆಂಚಿಗೆ ಒಯ್ಯುತ್ತಿದ್ದೆ. 2025ರಲ್ಲಿ ಬಾನು ಮುಷ್ತಾಕರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ದಿನ ಅಕ್ಕ ಫೋನು ಮಾಡಿ, ‘ನೀವೆಲ್ಲ ಹೆಗಡೆ, ಬಂಗಾರಪ್ಪ ಅಂತ ಕೂಗಾಡ್ತಿದ್ದಾಗ ನಾನು ಯಾರನ್ನ ಓದ್ತಿದ್ದೆ ನೋಡು’ ಎಂದಳು. ಅವಳ ದನಿಯಲ್ಲಿದ್ದ ಸಂತೋಷ ನನ್ನದೂ ಆಯಿತು.

1989ರ ನವೆಂಬರಿನಲ್ಲಿ ವಿಶ್ಲೇಷಕರಿಗೆ ಮುಖ ಬಂತು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ. ಮತಪತ್ರಗಳನ್ನು ಬಿಡಿಸಿ ಎಣಿಸುವ ಕಾಲವಾದ್ದರಿಂದ ಫಲಿತಾಂಶ ಬರಲು ದಿನಗಟ್ಟಲೆ ಬೇಕು. ದೂರದರ್ಶನದಲ್ಲಿ ಪ್ರಣಯ್ ರಾಯ್ ಇಂಗ್ಲಿಷಿನಲ್ಲಿ, ವಿನೋದ್ ದುವಾ ಹಿಂದಿಯಲ್ಲಿ, ನಡುನಡುವೆ ಸಿನಿಮಾ. ಹೆಗಡೇರ ಮನೆಯ ಜಗುಲಿಗೆ ಟಿವಿ ತಂದಿಟ್ಟು ಇಡೀ ಬೆಂಚು ಅಲ್ಲಿಗೆ ಸ್ಥಳಾಂತರವಾಯಿತು. ವಿರೋಧ ಪಕ್ಷಗಳು ಎಷ್ಟು ಒಗ್ಗಟ್ಟಾಗಿವೆ ಎಂಬುದಕ್ಕೆ ಒಂದು ಸೂಚ್ಯಂಕ, ಮತಗಳು ಎಷ್ಟು ವಾಲಿದರೆ ಎಷ್ಟು ಸ್ಥಾನ ಎಂಬುದಕ್ಕೆ ಒಂದು ಲೆಕ್ಕ. ಪ್ರಣಯ್ ರಾಯ್ ನಗುತ್ತ ಅದನ್ನು ಬಿಡಿಸಿ ಹೇಳುವಾಗ ಗಣಿತದ ಮಾಷ್ಟ್ರಾಗಿದ್ದ ನಮ್ಮ ಮಾಷ್ಟ್ರು ಮಗುವಿನಂತೆ ಹಿಗ್ಗಿದರು. ಕಾಗದ, ಪೆನ್ಸಿಲ್ ಹಿಡಿದು ನಮಗೆಲ್ಲ ಆ ಲೆಕ್ಕ ಕಲಿಸಿದರು.

ಆದರೆ ಉತ್ತರದಲ್ಲಿ ರಾಜೀವ್ ಗಾಂಧಿಯವರ ಪಕ್ಷ ನೆಲಕಚ್ಚುತ್ತಿದ್ದಾಗ ಕರ್ನಾಟಕ ತಿರುಗಿ ನಿಂತಿತ್ತು. ಲೋಕಸಭೆಯ 28ರಲ್ಲಿ 27 ಕಾಂಗ್ರೆಸ್ಸಿಗೆ, ವಿಧಾನಸಭೆಯಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ 178. ದೆಹಲಿಯ ಸ್ಟುಡಿಯೊ ನಮ್ಮ ಕಡೆ ಒಂದು ಕ್ಷಣ ನೋಡಿ ಮುಂದೆ ಹೋಯಿತು. ಜನತಾ ಪರಿವಾರ ಒಡೆದದ್ದು, ದೇವೇಗೌಡರು ಬೇರೆಯಾಗಿ ನಿಂತು ತಾವೇ ಸೋತದ್ದು, ಹೆಗಡೆಯವರ ನಂತರ ಬಂದ ಬೊಮ್ಮಾಯಿ ಸರ್ಕಾರವನ್ನು ಏಪ್ರಿಲಿನಲ್ಲಿ ವಜಾ ಮಾಡಿದ್ದು, ಇವನ್ನೆಲ್ಲ ಜೋಡಿಸಿ ಹೇಳಬಲ್ಲವರು ಕನ್ನಡದಲ್ಲಿ ಬರೆಯುವವರೇ. ಎಷ್ಟು ಚಂದದ ಲೆಕ್ಕವಿದ್ದರೂ ನಮ್ಮ ಊರಿನ ಮಣ್ಣು ಗೊತ್ತಿರುವವರ ಮಾತಿಗಾಗಿ ಮತ್ತೆ ಬಂಡಲ್ ಕಾಯಬೇಕಾಯಿತು. ಐದು ವರ್ಷದ ಮೇಲೆ ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಬಹುಮತ ಸಾಬೀತಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಹೇಳಿದಾಗ ಸಂವಿಧಾನದ 356ನೇ ವಿಧಿ ಸಲೂನಿನಣ್ಣನಿಗೂ ಗೊತ್ತಿತ್ತು. ಅದನ್ನು ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಬಿಡಿಸಿಟ್ಟ ಅಂಕಣಕಾರರಿಗೆ ನಾನು ಇಂದಿಗೂ ಕೃತಜ್ಞ.

2000ದ ಜನವರಿಯಲ್ಲಿ ಲಂಕೇಶ್ ಹೋದರು. ಅದಕ್ಕೂ ಮೊದಲೇ ಮಾಷ್ಟ್ರು ಹೋಗಿದ್ದರು. 2006ರಲ್ಲಿ ಟಿವಿ9 ಬಂದಾಗ ರಾಜ್ಯದಲ್ಲಿ ಇಪ್ಪತ್ತು ತಿಂಗಳ ಸರದಿ ಸರ್ಕಾರ. ದಿನಕ್ಕೊಂದು ತಿರುವು, ತಿರುವಿಗೊಂದು ಚರ್ಚೆ. ಒಂದಾದ ಮೇಲೊಂದು ವಾಹಿನಿ ಬಂದಂತೆ ಪರದೆಯ ಕೆಳಗೆ ‘ರಾಜಕೀಯ ವಿಶ್ಲೇಷಕರು’ ಎಂಬ ಪಟ್ಟಿ ಹೊತ್ತ ಮುಖಗಳು ಹೆಚ್ಚಿದವು. ಅವರಲ್ಲಿ ಓದಿಕೊಂಡವರು, ಹಳ್ಳಿ ಸುತ್ತಿದವರು ಇಲ್ಲದಿಲ್ಲ. ಸಂದೀಪ್ ಶಾಸ್ತ್ರಿ ಅಂಕಿಅಂಶ ಮುಂದಿಟ್ಟುಕೊಂಡು ತಾಳ್ಮೆಯಿಂದ ಮಾತಾಡಿದಾಗ ಪೆನ್ಸಿಲ್ ಹಿಡಿದ ಮಾಷ್ಟ್ರು ನೆನಪಾಗುತ್ತಾರೆ. ಮೈಸೂರಿನ ಮುಜಾಫರ್ ಅಸಾದಿಯವರು ರೈತ ಚಳವಳಿಯ ಬೇರಿನಿಂದ ಹಿಡಿದು ಇಂದಿನ ಚುನಾವಣೆಯವರೆಗೆ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಬೆಂಚಿನ ಹಳಬರಲ್ಲಿ ಉಳಿದ ನಾವು ಕೆಲವರು ಪರಸ್ಪರ ಫೋನು ಮಾಡಿ ದುಃಖ ಹಂಚಿಕೊಂಡೆವು.

ಹಾಗಿದ್ದೂ ಜನ ಇಂದು ವಿಶ್ಲೇಷಕರ ಬಗ್ಗೆ ಮೊದಲು ಕೇಳುವುದು ‘ಇವರು ಯಾರ ಕಡೆ?’ ಎಂದು. ನಾವೂ ಅದನ್ನು ಕೇಳುತ್ತಿದ್ದೆವು. ಆದರೆ ಉತ್ತರ ಸಿಕ್ಕ ಮೇಲೂ ಓದು ಮುಂದುವರಿಯುತ್ತಿತ್ತು. ಈಗ ಉತ್ತರ ಸಿಕ್ಕ ಕೂಡಲೇ ವಾಹಿನಿ ಬದಲಾಗುತ್ತದೆ. ಇದರಲ್ಲಿ ತಪ್ಪು ನೋಡುವವರದ್ದೊಂದೇ ಎಂದು ನಾನು ಹೇಳಲಾರೆ. ಚರ್ಚೆಗೆ ಕೂರಿಸುವಾಗಲೇ ಈ ಕಡೆಗೆ ಇಬ್ಬರು, ಆ ಕಡೆಗೆ ಇಬ್ಬರು ಎಂದು ಕುರ್ಚಿ ಹಾಕಿದರೆ, ಎರಡು ಕಡೆಗೂ ಸೇರದ ಮಾತನ್ನು ಹೇಳಬೇಕಾದವರು ಎಲ್ಲಿ ಕೂರಬೇಕು? ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಬ್ಬರ ದನಿ ಏರಿದರೆ, ಕೇಳುವವರಿಗೆ ತಮ್ಮದೇ ಯೋಚನೆಯನ್ನು ಪಕ್ಕದಲ್ಲಿಟ್ಟು ನೋಡಲು ಹೊತ್ತೆಲ್ಲಿ? ಬರೆದವರಿಗೆ ಒದಗಿದ ಅಪಾಯವೂ ಹಳೆಯ ಅಳತೆಯದಲ್ಲ. ಅಪ್ಪನ ಪತ್ರಿಕೆಯನ್ನು ಮುಂದುವರಿಸಿದ, ಆಮೇಲೆ ತಮ್ಮದೇ ಹೆಸರಿನಲ್ಲಿ ಪತ್ರಿಕೆ ನಡೆಸಿದ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಲಂಕೇಶರನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದ ಹೆಗಡೇರು ಆ ಸುದ್ದಿ ಕೇಳಿ ಆ ರಾತ್ರಿ ಊಟ ಮಾಡಲಿಲ್ಲವೆಂದು ಅವರ ಸೊಸೆ ಹೇಳಿದರು. ಜಗಳವಾಡುವುದಕ್ಕೂ ಎದುರಿಗೆ ಮನುಷ್ಯ ಬದುಕಿರಬೇಕಲ್ಲ ಎಂದಷ್ಟೇ ಅಂದರಂತೆ.

2024ರ ಜೂನಿನಲ್ಲಿ ಲೋಕಸಭೆಯ ಫಲಿತಾಂಶ ಬಂದ ದಿನ ನಾಯ್ಕರ ಮಗನಿಗೆ ಫೋನು ಮಾಡಿದೆ. ಅವನು ಈಗ ಅಪ್ಪನ ಗದ್ದೆಯನ್ನು ನೋಡಿಕೊಂಡು, ಅಡಿಕೆ ತೋಟವನ್ನೂ ಎಬ್ಬಿಸಿದ್ದಾನೆ. ಹಿಂದಿನ ವರ್ಷ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135 ಕೊಟ್ಟ ಜನ ಲೋಕಸಭೆಗೆ 9 ಮಾತ್ರ ಕೊಟ್ಟಿದ್ದರು. ಬಿಜೆಪಿಗೆ 17, ಜೆಡಿಎಸ್ಸಿಗೆ 2. ಬೆಳಗಿನಿಂದ ನಾನು ನೋಡಿದ ಚರ್ಚೆಗಳಲ್ಲಿ ಯಾರೂ 1985ರ ಮಾತೆತ್ತಿರಲಿಲ್ಲ. ಕನ್ನಡದ ಮತದಾರ ಮತ್ತೆ ದೆಹಲಿಯನ್ನೂ ಬೆಂಗಳೂರನ್ನೂ ಬೇರೆಬೇರೆ ತೂಗಿದ್ದಾನೆ, ಹೆಗಡೇರ ವಾದವೇ ಗೆದ್ದಿತು ನೋಡು ಎಂದೆ. ಅವನು ಒಪ್ಪಲಿಲ್ಲ. ‘ಅಲ್ಲ ಮಾವ, ಆಗ ಎರಡು ಪಕ್ಷದ ಜಗಳ, ಈಗ ಬಿಜೆಪಿ, ಜೆಡಿಎಸ್ಸಿನವರು ಕೂಡಿಕೊಂಡು ನಿಂತಿದ್ದಾರೆ. ಅಪ್ಪ ಹೇಳ್ತಿದ್ದ ಹಾಗೆ ಮೊದಲು ಓಟಿನ ಲೆಕ್ಕ ಬೇರೆ ಮಾಡಿ, ಆಮೇಲೆ ಮತದಾರನ ಬುದ್ಧಿವಂತಿಕೆ ಹೊಗಳಿ’ ಎಂದು ಅಪ್ಪನ ದನಿಯಲ್ಲೇ ಜಗಳಕ್ಕೆ ನಿಂತ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಫೋನು ಇಡಲು ಮನಸ್ಸೇ ಬರಲಿಲ್ಲ. ತಾಲ್ಲೂಕುವಾರು ಮತಗಳ ಲೆಕ್ಕ ತೆಗೆದು ಕಳಿಸುತ್ತೇನೆ, ನೀವು ಬರೆಯಿರಿ, ಸರಿಯಿಲ್ಲದಿದ್ದರೆ ನಾನು ಬಿಡುವವನಲ್ಲ ಎಂದಿದ್ದಾನೆ.